ಮೈದಾನದಲ್ಲಿ ಕುಸಿದವನಿಗೆ ಮೊದಲು ನೀರು, ಆಮೇಲೆ ಆಂಬುಲೆನ್ಸ್

ಬಿಸಿಲಿನ ವಿಷಯದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಒಂದು ಹುಸಿ ಧೈರ್ಯವಿದೆ. ರಾಯಚೂರು, ಕಲಬುರಗಿಯ ಹಾಗೆ 42–43 ಡಿಗ್ರಿ ನಮ್ಮಲ್ಲಿ ಎಲ್ಲಿ ಬರುತ್ತದೆ ಎನ್ನುವ ಧೈರ್ಯ. ಅದರಲ್ಲಿ ಸುಳ್ಳೇನೂ ಇಲ್ಲ. ತುಮಕೂರು, ಕೋಲಾರ ಪಟ್ಟಣಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿವೆ, ಚಿಕ್ಕಬಳ್ಳಾಪುರ ಇನ್ನೂ ಮೇಲೆ. ಪಾವಗಡ, ಗೌರಿಬಿದನೂರು, ಬಾಗೇಪಲ್ಲಿಯಂಥ ಆಂಧ್ರದ ಅಂಚಿನ ತಾಲ್ಲೂಕುಗಳಲ್ಲಿ ನೆಲ ತಗ್ಗು, ಕಾವು ಹೆಚ್ಚು; ಉಳಿದ ಕಡೆ ಏಪ್ರಿಲ್ ಮಧ್ಯಾಹ್ನದ ಉಷ್ಣಾಂಶ ಸಾಮಾನ್ಯವಾಗಿ 35–37ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎಂದು ಹವಾಮಾನ ಇಲಾಖೆ ಸಾರಬೇಕಾದರೆ ಉಷ್ಣಾಂಶ ಕನಿಷ್ಠ 40 ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಹಾಗಾಗಿ ಯಾವ ಎಚ್ಚರಿಕೆಯ ಸಂದೇಶವೂ ಬಾರದ ದಿನ, ಮೊಬೈಲ್ 35 ಡಿಗ್ರಿ ತೋರಿಸುತ್ತಿರುವಾಗಲೇ, ಟೆನಿಸ್ ಬಾಲ್ ಟೂರ್ನಿಯಲ್ಲಿ ಮೂರನೇ ಪಂದ್ಯ ಆಡುತ್ತಿರುವ ಹುಡುಗ ಶಾಖಾಘಾತಕ್ಕೆ (ಹೀಟ್ ಸ್ಟ್ರೋಕ್), ಎಂದರೆ ದೇಹದೊಳಗಿನ ಕಾವು 40 ದಾಟಿ ಬುದ್ಧಿ ಕದಡುವ ಸ್ಥಿತಿಗೆ, ಗುರಿಯಾಗಬಹುದು.

ಕಾರಣ, ಆಟಗಾರನ ಶಾಖಾಘಾತಕ್ಕೆ ಬಿಸಿಲು ಅರ್ಧ ಕಾರಣ ಮಾತ್ರ. ತಗಡಿನ ಮನೆಯಲ್ಲಿ ಮಲಗಿದ ವೃದ್ಧರಿಗೆ ಬರುವ ಶಾಖಾಘಾತವೇ ಬೇರೆ. ಅಲ್ಲಿ ಹೊರಗಿನ ಕಾವು ಎರಡು ಮೂರು ದಿನ ನಿಧಾನವಾಗಿ ದೇಹವನ್ನು ಸೋಲಿಸುತ್ತದೆ. ಆಡುವವನಲ್ಲಿ ಕಾವು ಹುಟ್ಟುವುದೇ ಒಳಗೆ, ಮಾಂಸಖಂಡಗಳಲ್ಲಿ. ನಾವು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೋಗುತ್ತದೆ. 60 ಕೆಜಿ ತೂಕದವರೊಬ್ಬರು ಗಂಟೆಗೆ 12 ಕಿ.ಮೀ. ವೇಗದಲ್ಲಿ ಓಡಿದರೆ ಗಂಟೆಗೆ ಸುಮಾರು 720 ಕಿಲೋ ಕ್ಯಾಲರಿ ಖರ್ಚು, ಅದರಲ್ಲಿ 540ರಷ್ಟು ಬರೀ ಶಾಖ. ಅಷ್ಟು ತೂಕದ ದೇಹದ ಉಷ್ಣಾಂಶ 1 ಡಿಗ್ರಿ ಏರಲು 50 ಕಿಲೋ ಕ್ಯಾಲರಿ ಸಾಕು. ಎಂದರೆ, ಹುಟ್ಟಿದ ಶಾಖ ಹೊರಗೆ ಹೋಗದೆ ಉಳಿದರೆ ಐದಾರು ನಿಮಿಷಕ್ಕೆ ಒಂದು ಡಿಗ್ರಿ ಏರಿಕೆ. 37ರಿಂದ 40 ತಲುಪಲು ಇಪ್ಪತ್ತು ನಿಮಿಷವೂ ಬೇಡ.

ಈ ಶಾಖವನ್ನು ಹೊರಗೆ ಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಇಲ್ಲಿ ‘ಆವಿಯಾದರೆ’ ಎನ್ನುವುದೇ ಮುಖ್ಯ. ಗದ್ದದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹ ತಣಿಯುವುದಿಲ್ಲ. ನೀರು, ಉಪ್ಪು ಎರಡೂ ನಷ್ಟ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಆಗುವುದು ಇದೇ.

ಇದಕ್ಕಾಗಿಯೇ ಕ್ರೀಡಾ ವೈದ್ಯರು ಬರೀ ಉಷ್ಣಾಂಶ ನೋಡುವುದಿಲ್ಲ, ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎಂಬ ಲೆಕ್ಕ ಹಾಕುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಳತೆಗೆ 70 ಪಾಲು, ಬಿಸಿಲಿಗೆ ಇಟ್ಟ ಕಪ್ಪು ಗೋಳದೊಳಗಿನ ಅಳತೆಗೆ 20 ಪಾಲು, ನಾವು ದಿನಾ ಹೇಳುವ ಗಾಳಿಯ ಉಷ್ಣಾಂಶಕ್ಕೆ ಬರೀ 10 ಪಾಲು. ಎರಡು ದಿನಗಳನ್ನು ಊಹಿಸಿಕೊಳ್ಳಿ. ಏಪ್ರಿಲ್‌ನ ಒಣ ಮಧ್ಯಾಹ್ನ: ಗಾಳಿ 36, ಕಪ್ಪು ಗೋಳ 50, ಒದ್ದೆ ಥರ್ಮಾಮೀಟರ್ 24. ಲೆಕ್ಕಕ್ಕೆ ಬರುವುದು 30.4. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಬಿಸಿಲು ಕಾಯ್ದ ಹೊತ್ತು: ಗಾಳಿ 30, ಗೋಳ 42, ಒದ್ದೆ 26. ಬರುವುದು 29.6. ಥರ್ಮಾಮೀಟರಿನಲ್ಲಿ 6 ಡಿಗ್ರಿ ವ್ಯತ್ಯಾಸವಿದ್ದರೂ ಓಡುವವನ ದೇಹಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟಗಳು ನಡೆಯುವುದು ಇಂಥ ದಿನಗಳಲ್ಲೇ. ಆಗ ಬಿಸಿಲಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ, ಮಳೆ ಬಾರದಿದ್ದರೆ ಸಾಕು ಎಂದುಕೊಂಡಿರುತ್ತಾರೆ. ಈ ಲೆಕ್ಕ 30 ದಾಟಿದರೆ ಅಭ್ಯಾಸವಿಲ್ಲದವರನ್ನು ಓಡಿಸಬಾರದು. 32ಕ್ಕೆ ಮುಟ್ಟಿದರೆ ಫುಟ್‌ಬಾಲ್‌ನಲ್ಲಿ ಫಿಫಾ ಕೂಡ ಆಟ ನಿಲ್ಲಿಸಿ ತಣಿಯಲು ಬಿಡುವು ಕೊಡುವಂತೆ ಹೇಳುತ್ತದೆ; 2014ರ ವಿಶ್ವಕಪ್‌ನಲ್ಲಿ ಅದು ಜಾರಿಗೂ ಬಂತು.

ಹೊನಲು ಬೆಳಕಿನಲ್ಲಿ ಆಡಿಸಿದರೆ ಚಿಂತೆಯಿಲ್ಲ ಎನ್ನುವವರು 2019ರ ದೋಹಾ ವಿಶ್ವ ಅಥ್ಲೆಟಿಕ್ಸ್ ನೆನಪಿಸಿಕೊಳ್ಳಲಿ. ಮಹಿಳೆಯರ ಮ್ಯಾರಥಾನ್ ಶುರುವಾದದ್ದು ನಡುರಾತ್ರಿ. ಓಡಿದ 68 ಮಂದಿಯಲ್ಲಿ 28 ಮಂದಿ ಅರ್ಧಕ್ಕೇ ನಿಂತರು. ಸೂರ್ಯ ಇರಲಿಲ್ಲ, ತೇವ ಇತ್ತು. ನಮ್ಮ ಒಣ ಸೀಮೆಯಲ್ಲಿ ರಾತ್ರಿ ಪಂದ್ಯ ಒಳ್ಳೆಯ ಉಪಾಯವೇ, ಅನುಮಾನವಿಲ್ಲ. ಆದರೆ ಮಳೆ ಬಿದ್ದು ಗಾಳಿ ಆಡದ ಮೇ ತಿಂಗಳ ರಾತ್ರಿಗೆ ಆ ಮಾತು ಅನ್ವಯಿಸುವುದಿಲ್ಲ.

ಯಾರು ಕುಸಿಯುತ್ತಾರೆ?

ದುರ್ಬಲರು ಕುಸಿಯುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಶಾಖಾಘಾತದಲ್ಲಿ ಹೆಚ್ಚಾಗಿ ಕುಸಿಯುವವರು ಹಟಮಾರಿಗಳು. 1986ರ ಸೆಪ್ಟೆಂಬರ್‌ನಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಡೀನ್ ಜೋನ್ಸ್ ವಾಂತಿ ಮಾಡಿಕೊಳ್ಳುತ್ತಲೇ 210 ರನ್ ಹೊಡೆದು, ಆಮೇಲೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡ ಕಥೆಯನ್ನು ಕ್ರಿಕೆಟ್ ಪ್ರೇಮಿಗಳು ಇಂದಿಗೂ ಶೌರ್ಯದ ಕಥೆಯಾಗಿ ಹೇಳುತ್ತಾರೆ. ಅವರು ಬದುಕಿದ್ದು ಪುಣ್ಯ. ಆ ಕಥೆಯನ್ನು ತರಬೇತಿಯಲ್ಲಿ ಮಾದರಿಯಾಗಿ ಹೇಳುವುದು ನಿಲ್ಲಬೇಕು.

ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಅಭ್ಯಾಸ ತಪ್ಪಿದವರಿಗೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳು ಎರಡು ಮೂರು ತಿಂಗಳು ಕೋಣೆಯೊಳಗೆ ಓದುತ್ತ ಕೂತು, ಪರೀಕ್ಷೆ ಮುಗಿದ ಮರುವಾರವೇ ಬೇಸಿಗೆ ಶಿಬಿರಕ್ಕೆ ಬರುತ್ತಾರೆ. ಮೈದಾನಕ್ಕೂ ಬಿಸಿಲಿಗೂ ಒಟ್ಟಿಗೇ ಹೊಸಬರು. ದೇಹ ಬಿಸಿಲಿಗೆ ಒಗ್ಗಲು 7ರಿಂದ 14 ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಐದು ದಿನ ದಿನಕ್ಕೆ ಒಂದೇ ಅವಧಿ. ಮೊದಲ ದಿನ 20 ನಿಮಿಷಕ್ಕಿಂತ ಹೆಚ್ಚು ಜೋರು ಓಟ ಬೇಡ. ನಿತ್ಯ ಹತ್ತು ನಿಮಿಷದಂತೆ ಏರಿಸಿಕೊಂಡು ಹೋಗಬಹುದು. ಶಿಬಿರ ಇರುವುದೇ ಹದಿನೈದು ದಿನ, ಅದರಲ್ಲಿ ಒಂದು ವಾರ ಹೀಗೇ ಹೋದರೆ ಹೇಗೆ ಎಂದು ತರಬೇತುದಾರರು ಕೇಳುವುದುಂಟು. ಹಾಗೇ ಹೋಗಲಿ. ಆ ವಾರದಲ್ಲಿ ಚೆಂಡಿನ ಕೌಶಲ ಕಲಿಸಿ. ತಪ್ಪು ಮಾಡಿದವರಿಗೆ ಶಿಕ್ಷೆಯಾಗಿ ಮೈದಾನ ಸುತ್ತಿಸುವುದನ್ನಂತೂ ಪೂರ್ತಿ ಬಿಡಿ, ಮಕ್ಕಳು ಅದನ್ನು ನಿಲ್ಲಿಸಿ ಎಂದು ಕೇಳುವುದಿಲ್ಲ.

ಎರಡನೆಯವರು ಪೊಲೀಸ್, ಸೇನಾ ನೇಮಕಾತಿಗೆ ತಯಾರಾಗುವವರು. ಬೆಳಗಿನಿಂದ ಬಿಸಿಲಲ್ಲಿ ಸಾಲು ನಿಂತು, ಹೊಟ್ಟೆ ಭಾರವಾದೀತೆಂದು ನೀರೂ ಕುಡಿಯದೆ, 1600 ಮೀಟರ್ ಓಡುವವರು. ಸಾಲಿನಲ್ಲಿ ನಿಂತಾಗಲೇ ದೇಹದ ಕಾವು ಏರಿರುತ್ತದೆ. ಆರು ನಿಮಿಷದ ಆ ಜೋರು ಓಟವೊಂದೇ ಇನ್ನೂ ಸುಮಾರು ಒಂದೂವರೆ ಡಿಗ್ರಿ ಏರಿಸುವಷ್ಟು ಶಾಖ ಹುಟ್ಟಿಸುತ್ತದೆ. ಊರಲ್ಲಿ ತಾವೇ ಅಭ್ಯಾಸ ಮಾಡುವಾಗ ಒಂದರ ಹಿಂದೊಂದು ಐದಾರು ಸುತ್ತು ಓಡಿದರೆ ಕೇಳಲೇಬೇಡಿ. ತೂಕದ ಮಿತಿಗೆ ಬರಲು ಮಳೆಕೋಟು, ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡುವ ಕುಸ್ತಿ, ಕಬಡ್ಡಿ ಆಟಗಾರರು ಬೆವರು ಆವಿಯಾಗುವ ದಾರಿಯನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಹಿಂದಿನ ಎರಡು ಮೂರು ದಿನಗಳಲ್ಲಿ ಜ್ವರ, ಭೇದಿ ಆದವರು, ರಾತ್ರಿ ನಿದ್ದೆಗೆಟ್ಟವರು, ಹಿಂದಿನ ಸಂಜೆ ಮದ್ಯ ಕುಡಿದವರು, ನೆಗಡಿಗೆ ಮಂಪರು ತರಿಸುವ ಮಾತ್ರೆ ನುಂಗಿದವರು, ಜಿಮ್‌ನ ಉತ್ತೇಜಕ ಪುಡಿ ಕಲಸಿ ಕುಡಿದವರು, ಮೊದಲು ಒಮ್ಮೆ ಹೀಗೆ ಕುಸಿದಿದ್ದವರು: ಇವರೆಲ್ಲ ಆ ದಿನ ಆಡದಿರುವುದೇ ಸರಿ. ಹೆಸರು ನೋಂದಾಯಿಸುವಾಗ ಇದನ್ನು ಕೇಳಲು ಎರಡು ನಿಮಿಷ ಸಾಕು.

ಟೂರ್ನಿ ನಡೆಸುವವರ ತಪ್ಪು ಬಹುಮಟ್ಟಿಗೆ ವೇಳಾಪಟ್ಟಿಯಲ್ಲಿದೆ. ಒಂದೇ ದಿನದಲ್ಲಿ ಮುಗಿಸಬೇಕೆಂದು ಸೆಮಿಫೈನಲ್ ಆಡಿದ ತಂಡವನ್ನು ಅರ್ಧ ಗಂಟೆಯಲ್ಲಿ ಫೈನಲ್‌ಗೆ ಇಳಿಸುತ್ತಾರೆ. ಹಿಂದಿನ ಪಂದ್ಯದ ಕಾವು ಇನ್ನೂ ದೇಹದಲ್ಲೇ ಇರುತ್ತದೆ. ನಡುವೆ ಕನಿಷ್ಠ ಎರಡು ಗಂಟೆ ಬೇಕು. ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಮೈದಾನ ಖಾಲಿ ಬಿಟ್ಟರೆ ಇನ್ನೂ ಒಳ್ಳೆಯದು. ನೆರಳಿಗೆ ಶಾಮಿಯಾನ ಹಾಕಿದರೆ ಸುತ್ತಲಿನ ಪರದೆ ಬಿಚ್ಚಿ. ಪರದೆ ಕಟ್ಟಿದ ಶಾಮಿಯಾನದೊಳಗೆ ಗಾಳಿ ಆಡದೆ ಹೊರಗಿಗಿಂತ ಧಗೆ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ತರಕಾರಿ ಸಸಿ ಬೆಳೆಸುವವರ ಹತ್ತಿರ ಹಸಿರು ನೆರಳು ಪರದೆ ಧಾರಾಳವಾಗಿ ಸಿಗುತ್ತದೆ. ಅದನ್ನು ಎತ್ತರದಲ್ಲಿ ಕಟ್ಟಿದರೆ ಶಾಮಿಯಾನಕ್ಕಿಂತ ವಾಸಿ. ಪ್ರಾಯೋಜಕರ ಹೆಸರನ್ನು ಎದೆ, ಬೆನ್ನಿನ ತುಂಬ ರಬ್ಬರಿನಂಥ ದಪ್ಪ ಅಚ್ಚಿನಲ್ಲಿ ಹಾಕಿಸಿದ ಜೆರ್ಸಿ ಗಾಳಿಯನ್ನೂ ಬಿಡುವುದಿಲ್ಲ, ಬೆವರನ್ನೂ ಬಿಡುವುದಿಲ್ಲ.

ಕುಡಿಯುವ ಮಾತು

ನೀರು ಕುಡಿದರೆ ಶಾಖಾಘಾತ ಬರುವುದಿಲ್ಲ ಎಂಬ ಭರವಸೆ ಬೇಡ. ಹೊಟ್ಟೆ ತುಂಬ ನೀರಿದ್ದರೂ, ಒಳಗೆ ಹುಟ್ಟುವ ಶಾಖ ಹೊರಹೋಗುವ ಶಾಖಕ್ಕಿಂತ ಹೆಚ್ಚಾದರೆ ಕುಸಿತ ಖಚಿತ. ನೀರಿನ ಕೊರತೆಯಾದರೆ ಆ ಗಳಿಗೆ ಬೇಗ ಬರುತ್ತದೆ, ಅಷ್ಟೇ. ಆಟಕ್ಕೆ ಎರಡು ಗಂಟೆ ಮೊದಲು ಅರ್ಧ ಲೀಟರ್, ಆಟದ ನಡುವೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಎಂದರೆ 150–200 ಮಿ.ಲೀ. ಆಟದ ಮುಂಚೆ ಮತ್ತು ನಂತರ ತೂಕ ನೋಡಿದರೆ ಎಷ್ಟು ನಷ್ಟವಾಯಿತೆಂದು ತಿಳಿಯುತ್ತದೆ: 60 ಕೆಜಿಯವನು 1.2 ಕೆಜಿ ಕಳೆದುಕೊಂಡರೆ ಇದಕ್ಕಿಂತ ಹೆಚ್ಚು ನಷ್ಟವಾಗಬಾರದು ಎನ್ನುವ, ತೂಕದ ಶೇ 2ರ ಮಿತಿ ಮುಟ್ಟಿದ ಹಾಗೆ. ಕಳೆದ ಪ್ರತಿ ಕೆಜಿಗೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂವರೆ ಲೀಟರ್ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಆಟದ ನಂತರ ತೂಕ ಹೆಚ್ಚಾಗಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ. ಗಂಟೆಗಟ್ಟಲೆ ಬರೀ ನೀರು ಕುಡಿಯುತ್ತಲೇ ಹೋದರೆ ರಕ್ತದಲ್ಲಿ ಸೋಡಿಯಂ ಕುಸಿದು ಅದೂ ಪ್ರಾಣಕ್ಕೆ ಕುತ್ತಾಗಬಹುದು.

ಒಂದು ಗಂಟೆ ಮೀರಿದ ಆಟಕ್ಕೆ ಉಪ್ಪು ಬೇಕು. ಉಪ್ಪು ಹಾಕಿದ ಮಜ್ಜಿಗೆ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಎಲ್ಲವೂ ನಡೆಯುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಒಆರ್‌ಎಸ್ ಪೊಟ್ಟಣ ತಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ನೋಡಿ, ಒಂದು ಲೀಟರಿಗೆ ಇಡೀ ಪೊಟ್ಟಣ ಕಲಸಿ. ಸಿಹಿ ಪಾನೀಯಗಳ ಡಬ್ಬಿ ಮೇಲೆ ಒಆರ್‌ಎಸ್ ಎಂದು ಅಚ್ಚು ಹಾಕುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆದಿದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಗುರುತಿಸುವುದು

ಚರ್ಮ ಒಣಗಿ ಬಿಸಿಯಾಗಿದ್ದರೆ ಶಾಖಾಘಾತ, ಬೆವರುತ್ತಿದ್ದರೆ ಅಲ್ಲ ಎಂಬ ಹಳೆಯ ಪಾಠವನ್ನು ಮರೆಯಿರಿ. ಆಟಗಾರರು ಮೈಯೆಲ್ಲ ಬೆವರಿನಲ್ಲಿ ತೊಯ್ದಿರುವಾಗಲೇ ಒಳಗಿನ ಉಷ್ಣಾಂಶ 41 ದಾಟಿರಬಹುದು. ಹಣೆಗೆ ಹಿಡಿಯುವ ಥರ್ಮಾಮೀಟರ್ ಅದನ್ನು 38 ಎಂದು ತೋರಿಸಿ ದಾರಿ ತಪ್ಪಿಸಬಹುದು, ಕಂಕುಳಲ್ಲಿ ಇಡುವುದೂ ಹಾಗೇ. ನಂಬಬಹುದಾದದ್ದು ಗುದದ್ವಾರದಲ್ಲಿ ಇಟ್ಟು ನೋಡುವ ಅಳತೆ ಮಾತ್ರ, ಅದಕ್ಕೆ ತರಬೇತಾದವರು ಬೇಕು. ಆದ್ದರಿಂದ ಮೈದಾನದಲ್ಲಿ ಅಳತೆಗೋಲು ಬುದ್ಧಿಯೇ. ನಡಿಗೆ ತೂರಾಡುತ್ತಿದೆಯೇ? ಸೌಮ್ಯ ಹುಡುಗ ಸುಮ್ಮಸುಮ್ಮನೆ ರೇಗುತ್ತಿದ್ದಾನೆಯೇ? ಸ್ಕೋರ್ ಎಷ್ಟು, ಎದುರಿನ ತಂಡ ಯಾವ ಊರಿನದು ಎಂದರೆ ತಡವರಿಸುತ್ತಿದ್ದಾನೆಯೇ? ಚಳಿ ಎನ್ನುತ್ತಿದ್ದಾನೆಯೇ? ಜೋರಾಗಿ ಆಡುತ್ತಿದ್ದವನಲ್ಲಿ ಇವು ಕಂಡರೆ ಶಾಖಾಘಾತ ಎಂದೇ ತಿಳಿದು ಕೆಲಸ ಶುರು ಮಾಡಿ. ಬರೀ ಸುಸ್ತು, ತಲೆನೋವು, ಸ್ನಾಯು ಸೆಳೆತವಿದ್ದು ಬುದ್ಧಿ ನಿಚ್ಚಳವಾಗಿದ್ದರೆ ನೆರಳು, ನೀರು, ಉಪ್ಪು ಸಾಕು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸುಧಾರಿಸದಿದ್ದರೆ ಅದನ್ನೂ ಸಣ್ಣದೆಂದು ಬಿಡಬೇಡಿ.

ಒಂದು ಮುನ್ನೆಚ್ಚರಿಕೆ: ಕುಸಿದವನು ಸರಿಯಾಗಿ ಉಸಿರಾಡುತ್ತಿಲ್ಲ ಎಂದಾದರೆ ಅದು ಹೃದಯ ಸ್ತಂಭನ ಇರಬಹುದು. ಆಗ ನೀರಲ್ಲ, ಎದೆ ಒತ್ತುವುದು. ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ.

ಟಾರ್ಪಾಲ್ ಮತ್ತು ಅರ್ಧ ಗಂಟೆ

ಶಾಖಾಘಾತದಲ್ಲಿ ಮಿದುಳು, ಯಕೃತ್ತು, ಮೂತ್ರಪಿಂಡ ಹಾಳಾಗುವುದು ಉಷ್ಣಾಂಶ ಎಷ್ಟು ಏರಿತು ಎನ್ನುವುದಕ್ಕಿಂತ ಎಷ್ಟು ಹೊತ್ತು 40ರ ಮೇಲಿತ್ತು ಎನ್ನುವುದರಿಂದ. ಕುಸಿದ 30 ನಿಮಿಷದೊಳಗೆ 38.9ಕ್ಕೆ ಇಳಿಸಿದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ ಇದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಟರೂ 108 ಬರುವುದು, ಹತ್ತಿಸುವುದು, ಹೋಗುವುದು ಸೇರಿ ಆ ಅರ್ಧ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಅದೇ ಕ್ಷಣ ತಣಿಸಲು ಶುರು ಮಾಡಲಿ. ಆಟೋಕ್ಕೋ ಕಾರಿಗೋ ತುಂಬಿಕೊಂಡು ಓಡುವುದು ಒಳ್ಳೆಯ ಮನಸ್ಸಿನಿಂದ ಮಾಡುವ ದೊಡ್ಡ ತಪ್ಪು.

ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ನೆರಳಿನಲ್ಲಿ ಮಲಗಿಸಿ ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಪೊಟ್ಟಣ ಇಟ್ಟರೆ ಉಷ್ಣಾಂಶ ನಿಮಿಷಕ್ಕೆ ಸುಮಾರು 0.03 ಡಿಗ್ರಿ ಇಳಿಯುತ್ತದೆ. 42ರಲ್ಲಿದ್ದವನು 38.9ಕ್ಕೆ ಬರಲು ನೂರು ನಿಮಿಷ. ಇಡೀ ದೇಹವನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ನಿಮಿಷಕ್ಕೆ 0.15 ಡಿಗ್ರಿಗೂ ಹೆಚ್ಚು, ಐಸ್ ಧಾರಾಳವಾಗಿದ್ದರೆ ಅದರ ಎರಡರಷ್ಟು. ಆಗ ಹತ್ತಿಪ್ಪತ್ತು ನಿಮಿಷದ ಕೆಲಸ.

ಇದಕ್ಕೆ ಸ್ನಾನದ ತೊಟ್ಟಿ ಬೇಕಿಲ್ಲ. ರಾಗಿ ಒಣಗಿಸುವ, ಲಾರಿಗೆ ಹೊದಿಸುವ ಟಾರ್ಪಾಲ್ ಸಾಕು. 8 ಅಡಿಗೆ 10 ಅಡಿಯದು, ತೂತಿಲ್ಲದ್ದು. ಕುಸಿದವನ ಷೂ, ಪ್ಯಾಡ್, ಹೆಲ್ಮೆಟ್ ತೆಗೆದು ಟಾರ್ಪಾಲಿನ ನಡುವೆ ಮಲಗಿಸಿ. ಬಟ್ಟೆ ಬಿಚ್ಚುತ್ತ ಹೊತ್ತು ಕಳೆಯಬೇಕಾಗಿಲ್ಲ, ತೊಟ್ಟ ಬಟ್ಟೆಯ ಮೇಲೇ ನೀರು ಹಾಕಬಹುದು. ಹುಡುಗಿಯರ ವಿಷಯದಲ್ಲಿ ಹಿಂಜರಿಕೆಯಿಂದ ತಡವಾಗುವುದು ಇಲ್ಲಿಯೇ. ಐದಾರು ಮಂದಿ ಅಂಚುಗಳನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ ಹಿಡಿದರೆ ತೊಟ್ಟಿಯಾಯಿತು. ಒಳಗೆ 100ರಿಂದ 150 ಲೀಟರ್ ನೀರು, ಸಿಕ್ಕಷ್ಟು ಐಸ್. ಒಬ್ಬರ ಕೆಲಸ ತಲೆ ಹಿಡಿಯುವುದು ಮಾತ್ರ: ಮುಖ ನೀರಿನ ಮೇಲಿರಬೇಕು, ವಾಂತಿಯಾದರೆ ಪಕ್ಕಕ್ಕೆ ತಿರುಗಿಸಬೇಕು. ಇನ್ನೊಬ್ಬರು ನೀರನ್ನು ಕೈಯಿಂದ ಕದಡುತ್ತಿರಬೇಕು. ನಿಂತ ನೀರು ಮೈ ಸುತ್ತ ಬೆಚ್ಚಗಾಗಿ ಕೂರುತ್ತದೆ, ತಣಿಸುವ ವೇಗ ಇಳಿಯುತ್ತದೆ.

ನೀರು ಎಲ್ಲಿಂದ ಎನ್ನುವುದನ್ನು ಪಂದ್ಯಕ್ಕೆ ಮೊದಲೇ ನೋಡಿಟ್ಟುಕೊಳ್ಳಬೇಕು. ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡಲಾರದಷ್ಟು ಬಿಸಿ. ನೆಲದ ಮೇಲೆ ಎಳೆದ ಪೈಪಿನಲ್ಲಿ ನಿಂತ ನೀರೂ ಹಾಗೇ, ಮೊದಲು ಒಂದೆರಡು ನಿಮಿಷ ಹೊರಗೆ ಬಿಡಬೇಕು. ಬೋರ್‌ವೆಲ್‌ನಿಂದ ನೇರ ಬರುವ ನೀರು ಐಸ್ ಇಲ್ಲದೆಯೂ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನವಾಗಿ. 200 ಲೀಟರಿನ ಒಂದು ಡ್ರಮ್ಮನ್ನು ಬೆಳಗ್ಗೆಯೇ ತುಂಬಿಸಿ ನೆರಳಿನಲ್ಲಿ ಗೋಣಿಚೀಲ ಸುತ್ತಿ ಇಡಿ, ಮೀನಿನಂಗಡಿ ಇಲ್ಲವೇ ಜ್ಯೂಸ್ ಅಂಗಡಿಗೆ ಮೊದಲೇ ಹೇಳಿ 20–30 ಕೆಜಿ ಐಸ್ ತರಿಸಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಡಿ. ಕೆರೆ ಅಂಗಳದಲ್ಲಿ ಆಡುವವರು ಪಕ್ಕದ ಕೃಷಿ ಹೊಂಡಕ್ಕೆ ಇಳಿಸುವ ಯೋಚನೆ ಮಾಡಲೇಬಾರದು. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ, ಎತ್ತಲು ಹೋದವರೂ ಮುಳುಗುತ್ತಾರೆ. ದನಕ್ಕೆ ನೀರು ಕುಡಿಸುವ ಆಳವಿಲ್ಲದ ತೊಟ್ಟಿ ಇದ್ದರೆ ಅದು ಟಾರ್ಪಾಲಿಗಿಂತಲೂ ಅನುಕೂಲ.

ಟಾರ್ಪಾಲೂ ಇಲ್ಲವೆಂದರೆ ಹನ್ನೆರಡು ಟವೆಲ್ ಐಸ್ ನೀರಿನ ಬಕೆಟ್ಟಿನಲ್ಲಿ ಹಾಕಿ. ಆರನ್ನು ತಲೆ, ಎದೆ, ಹೊಟ್ಟೆ, ಕೈಕಾಲುಗಳ ಮೇಲೆ ಹಾಸಿ, ಒಂದೆರಡು ನಿಮಿಷಕ್ಕೊಮ್ಮೆ ಬದಲಾಯಿಸುತ್ತ, ನಡುವೆ ಬಿಂದಿಗೆಯಿಂದ ನೀರು ಸುರಿಯುತ್ತ, ಜೋರಾಗಿ ಗಾಳಿ ಬೀಸಿ. ಟವೆಲ್ ಬದಲಾಯಿಸದೆ ಬಿಟ್ಟರೆ ಅದೇ ಬಿಸಿಯಾಗಿ ಹೊದಿಕೆಯಾಗುತ್ತದೆ.

ತಣ್ಣೀರು ಹಾಕಿದರೆ ಚರ್ಮದ ರಕ್ತನಾಳ ಮುಚ್ಚಿಕೊಂಡು ಕಾವು ಒಳಗೇ ಉಳಿಯುತ್ತದೆ, ನಡುಕ ಬಂದರೆ ನಿಲ್ಲಿಸಬೇಕು ಎಂಬ ಭಯ ಕೆಲವರಿಗಿದೆ. ಅಷ್ಟು ಕಾದ ದೇಹದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಉಷ್ಣಾಂಶ ಅಳೆಯುವ ಸೌಕರ್ಯ ಇದ್ದರೆ 38.9ಕ್ಕೆ ನಿಲ್ಲಿಸಿ. ಇಲ್ಲವೆಂದರೆ ಬುದ್ಧಿ ತಿಳಿಯಾಗಿ ಸರಿಯಾಗಿ ಮಾತಾಡುವವರೆಗೆ, ಅದೂ ಗೊತ್ತಾಗದಿದ್ದರೆ 15 ನಿಮಿಷ. ಐಸ್ ಇಲ್ಲದ ನೀರಾದರೆ 20. ಪ್ಯಾರಾಸಿಟಮಾಲ್ ಕೊಡಬೇಡಿ. ಇದು ಸೋಂಕಿನ ಜ್ವರವಲ್ಲ, ಮಾತ್ರೆಗೆ ಇಳಿಯುವುದಿಲ್ಲ, ಆಗಲೇ ನೊಂದ ಯಕೃತ್ತಿಗೆ ಇನ್ನಷ್ಟು ಹೊರೆ. ಎಚ್ಚರ ತಪ್ಪಿದವನ ಬಾಯಿಗೆ ಮಜ್ಜಿಗೆ, ಸೋಡಾ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೈ ಅದುರಿ ಸೆಟೆದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ, ಮುಖ ನೀರಿಗೆ ತಾಗದಂತೆ ಹಿಡಿದು ತಣಿಸುವುದನ್ನು ಮುಂದುವರಿಸಿ.

ಎದ್ದು ಕೂತು ನಕ್ಕರೂ ಆಸ್ಪತ್ರೆಗೆ ಹೋಗಲೇಬೇಕು. ಮಾಂಸಖಂಡ ಕರಗಿದ ಅಂಶ ಮೂತ್ರಪಿಂಡವನ್ನು ಕಟ್ಟಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ಗುರುತು. ಯಕೃತ್ತಿನ ಪೆಟ್ಟು ಒಂದೆರಡು ದಿನ ಬಿಟ್ಟು ರಕ್ತಪರೀಕ್ಷೆಯಲ್ಲಿ ಕಾಣುವುದುಂಟು. ಎಷ್ಟು ಹೊತ್ತಿಗೆ ಕುಸಿದ, ಎಷ್ಟು ನಿಮಿಷ ತಣಿಸಿದಿರಿ, ಹಿಂದಿನ ದಿನ ಯಾವ ಮಾತ್ರೆ ನುಂಗಿದ್ದ ಎಂಬುದನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಆಸ್ಪತ್ರೆ ತಲುಪುವಾಗ ಉಷ್ಣಾಂಶ ಇಳಿದಿರುವುದರಿಂದ, ಹೇಳದಿದ್ದರೆ ಸಾಮಾನ್ಯ ನಿತ್ರಾಣವೆಂದು ಡ್ರಿಪ್ ಹಾಕಿ ಕಳಿಸಿಬಿಡುವ ಸಾಧ್ಯತೆ ಇದೆ. ಆಮೇಲೆ ಕನಿಷ್ಠ ಒಂದು ವಾರ ಯಾವ ವ್ಯಾಯಾಮವೂ ಇಲ್ಲ. ರಕ್ತಪರೀಕ್ಷೆ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೆ ಮೊದಲು ನೆರಳಿನಲ್ಲಿ ನಡಿಗೆ, ಆಮೇಲೆ ತಂಪು ಹೊತ್ತಿನಲ್ಲಿ ಸಣ್ಣ ಓಟ, ಎರಡರಿಂದ ನಾಲ್ಕು ವಾರದಲ್ಲಿ ಪೂರ್ತಿ ಆಟ. ಮುಂದಿನ ಭಾನುವಾರದ ಟೂರ್ನಿಗೆ ಅವನ ಹೆಸರು ಹಾಕಬೇಡಿ.